ಎಸ್‌ಓಸಿಗೆ ಡಿಫೆಂಡರಾ, ವಾಜೂನಾ?

ಚಿಕ್ಕ ಎಸ್‌ಓಸಿ (ಕಂಪನಿಯ ಕಂಪ್ಯೂಟರ್‌ಗಳ ಮೇಲಿನ ದಾಳಿ ಕಾಯೋ ಸೆಕ್ಯುರಿಟಿ) ಟೀಮು, ನೂರಾರು ಲ್ಯಾಪ್‌ಟಾಪು, ಮೈಕ್ರೋಸಾಫ್ಟ್ ಡಿಫೆಂಡರ್ ಫಾರ್ ಎಂಡ್‌ಪಾಯಿಂಟ್ ತಗೊಳ್ಳೋದಾ ಇಲ್ಲ ಓಪನ್ ಸೋರ್ಸ್ ಸೆಕ್ಯುರಿಟಿ ಮಾನಿಟರಿಂಗ್ ಟೂಲ್ ವಾಜೂ ಹಾಕ್ಕೊಳ್ಳೋದಾ ಅಂತ ತಲೆ ಕೆಡಿಸ್ಕೊಂಡಿದ್ರೆ ಮೊದ್ಲು ಲೈಸೆನ್ಸ್ ನೋಡ್ಕೊಳ್ಳಿ. ಮೈಕ್ರೋಸಾಫ್ಟ್ 365 ಇ5 ಲೈಸೆನ್ಸ್ ಇದ್ರೆ ಡಿಫೆಂಡರ್‌ನ ಪ್ಲಾನ್ 2 ಅದ್ರಲ್ಲೇ ಬರುತ್ತೆ, ಇ3ಲಿ ಸಿಗೋದು ಪ್ಲಾನ್ 1, ಅದ್ರಲ್ಲಿ ಇಡಿಆರ್ (ಮಷೀನಲ್ಲಿ ಏನೇನಾಯ್ತು ಅಂತ ದಾಖಲಿಸಿ, ದಾಳಿ ಹಿಡಿದು ತಡೆಯೋ ವ್ಯವಸ್ಥೆ) ಇಲ್ಲ. ಇಡಿಆರ್ ಇಲ್ದೆ ಎಸ್‌ಓಸಿಗೆ ಅದು ಅಷ್ಟಕ್ಕಷ್ಟೇ.

ಈಗ ಯಾರೋ ವರ್ಡ್ ಫೈಲ್ ತೆಗೆದ್ರು, ಹಿಂದಿಂದ ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಟೂಲ್) ಎದ್ದು ಎನ್‌ಕೋಡ್ ಆಗಿರೋ ಕಮಾಂಡ್ ಓಡಿಸ್ತು ಅನ್ಕೊಳ್ಳಿ. ಪ್ಲಾನ್ 2ಲಿ ಯಾವ ಪ್ರೋಸೆಸ್‌ನಿಂದ ಯಾವ್ದು ಹುಟ್ಟಿತು ಅನ್ನೋ ಮರ ಪೂರ್ತಿ ಕಾಣುತ್ತೆ, ಅಲ್ಲೇ ಡಿವೈಸ್ ಐಸೋಲೇಟ್ ಒತ್ತಿದ್ರೆ ಮಷೀನು ನೆಟ್‌ವರ್ಕ್‌ನಿಂದ ಆಚೆ, ಆದ್ರೂ ಕನ್ಸೋಲ್ ಜೊತೆ ಮಾತಾಡ್ತಾ ಇರುತ್ತೆ. ವಾಜೂಲಿ ಇಷ್ಟು ಕಾಣ್ಬೇಕಂದ್ರೆ ಸಿಸ್‌ಮಾನ್ (ಪ್ರೋಸೆಸ್‌ಗಳ ಲಾಗ್ ಬರೆಯೋ ಮೈಕ್ರೋಸಾಫ್ಟ್ ಟೂಲ್) ಬೇರೆ ಹಾಕ್ಬೇಕು, ರೂಲ್ ತಿದ್ದಬೇಕು, ಐಸೋಲೇಷನ್‌ಗೆ ಆಕ್ಟಿವ್ ರೆಸ್ಪಾನ್ಸ್ (ಅಲರ್ಟ್ ಬಂದಾಗ ತಾನಾಗೇ ಓಡೋ) ಸ್ಕ್ರಿಪ್ಟ್ ನೀವೇ ಬರೀಬೇಕು. ಅದು ಆಂಟಿವೈರಸ್ಸೂ ಅಲ್ಲ, ತುಂಬಾ ಜನ ಹಾಗನ್ಕೊಂಡಿರ್ತಾರೆ.

ಲಾಗ್ ವಿಷ್ಯಕ್ಕೆ ಬಂದ್ರೆ ಕಥೆ ಉಲ್ಟಾ. ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ 180 ದಿನದ ಲಾಗ್ ಇಟ್ಕೋಬೇಕು, ಡಿಫೆಂಡರ್‌ನ ಅಡ್ವಾನ್ಸ್‌ಡ್ ಹಂಟಿಂಗ್‌ಲಿ (ಈವೆಂಟ್‌ಗಳನ್ನ ಕ್ವೆರಿ ಬರೆದು ಹುಡುಕೋ ಜಾಗ) ಸಿಗೋದು 30 ದಿನದ್ದು, ಜಾಸ್ತಿ ಬೇಕಂದ್ರೆ ಮೈಕ್ರೋಸಾಫ್ಟ್‌ನದೇ ಲಾಗ್ ಸರ್ವಿಸ್ ಸೆಂಟಿನೆಲ್‌ಗೋ ಸ್ಟೋರೇಜ್‌ಗೋ ಕಳಿಸಿ ದುಡ್ಡು ಕಟ್ಬೇಕು. ವಾಜೂಲಿ ಡಿಸ್ಕ್ ಇದ್ದಷ್ಟು ದಿನ ಇಡ್ಬೋದು, ಆದ್ರೆ ಡೀಫಾಲ್ಟ್ ಆಗಿ ಅಲರ್ಟ್ ಆಗಿದ್ದು ಮಾತ್ರ ಉಳಿಯುತ್ತೆ, ಎಲ್ಲಾ ಈವೆಂಟ್ ಬೇಕಂದ್ರೆ ಲಾಗ್‌ಆಲ್ ಅನ್ನೋ ಸೆಟ್ಟಿಂಗ್ ಆನ್ ಮಾಡಿ, ಡಿಸ್ಕ್ ತುಂಬೋ ಸ್ಪೀಡೂ ನೋಡ್ಕೊಳ್ಳಿ.

ಲಿನಕ್ಸ್ ಸರ್ವರ್ ಜಾಸ್ತಿ, ರೂಲ್ ಬರೆಯೋಕೆ ಕೈ ಇರೋರು ಇದ್ದಾರೆ ಅಂದ್ರೆ ವಾಜೂ. ರಾತ್ರಿ ಶಿಫ್ಟಲ್ಲಿ ಒಬ್ರೇ ಕೂರ್ತಾರೆ ಅಂದ್ರೆ ನಾನಂತೂ ಪ್ಲಾನ್ 2 ಅಂತೀನಿ.