ಅಕ್ಕ ಕೆನಡಾದಿಂದ ತಂದ ಮೂರು ಪುಸ್ತಕಗಳು

ನನ್ನ ಅಕ್ಕ ಇರುವುದು ಬ್ರಾಂಪ್ಟನ್‌ನಲ್ಲಿ, ಟೊರೊಂಟೊ ಪಕ್ಕದ ಊರು. ಕಳೆದ ಸಲ ಬಂದಾಗ ಸೂಟ್‌ಕೇಸಿನ ತಳದಲ್ಲಿ ಮೂರು ಪುಸ್ತಕ ಇತ್ತು. ರೋಹಿಂಟನ್ ಮಿಸ್ತ್ರಿ ಅವರ 'ಫ್ಯಾಮಿಲಿ ಮ್ಯಾಟರ್ಸ್', ಮಿರಿಯಮ್ ಟೇವ್ಸ್ ಅವರ 'ಆಲ್ ಮೈ ಪ್ಯೂನಿ ಸಾರೋಸ್', ಜೆಸ್ಸಿ ಥಿಸಲ್ ಅವರ 'ಫ್ರಮ್ ದಿ ಆ್ಯಶಸ್'. ಮೊದಲೆರಡು ಕಾದಂಬರಿ, ಮೂರನೆಯದು ಆತ್ಮಕಥೆ. ಮೂರರಲ್ಲೂ ಮನೆಯ ಕಷ್ಟವೇ ಕಥೆ. "ಓದು ಕಣೇ, ಆಮೇಲೆ ಫೋನಿನಲ್ಲಿ ಮಾತಾಡೋಣ" ಅಂದು ಹೋದಳು. ಒಂದೊಂದು ಮುಗಿದ ಹಾಗೆ ಮಾತಾಡಿದೆವು. ಒಂದೇ ಮನೆಯಲ್ಲಿ ಬೆಳೆದವರು ನಾವು, ಆದರೂ ಒಂದೇ ಪುಸ್ತಕ ನಮ್ಮಿಬ್ಬರಿಗೂ ಬೇರೆ ಬೇರೆ ಥರ ಕಂಡಿತು.

'ಫ್ಯಾಮಿಲಿ ಮ್ಯಾಟರ್ಸ್' 2002ರ ಕಾದಂಬರಿ, ಸುಮಾರು 500 ಪುಟ. ಮಿಸ್ತ್ರಿ ಮುಂಬೈನಲ್ಲಿ ಹುಟ್ಟಿ 1975ರಲ್ಲಿ ಕೆನಡಾಕ್ಕೆ ಹೋದವರು. ಬರೆಯುವುದಕ್ಕೆ ಶುರು ಮಾಡಿದ್ದೇ ಅಲ್ಲಿಗೆ ಹೋದ ಮೇಲೆ. ಆದರೆ ಕಥೆ ನಡೆಯುವುದೆಲ್ಲ ಮುಂಬೈನ ಪಾರ್ಸಿ ಮನೆಗಳಲ್ಲಿ. ನಾರಿಮನ್ ವಕೀಲ್ ಅಂತ ನಿವೃತ್ತ ಇಂಗ್ಲಿಷ್ ಮೇಷ್ಟ್ರು, 79 ವರ್ಷ, ಪಾರ್ಕಿನ್ಸನ್ ಕಾಯಿಲೆ. ಒಂದು ಸಂಜೆ ವಾಕಿಂಗ್ ಹೋದವರು ರಸ್ತೆ ಅಗೆದ ಗುಂಡಿಗೆ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ. ಅವರಿರುವುದು ಹೆಂಡತಿಯ ಮೊದಲ ಮದುವೆಯ ಮಕ್ಕಳಾದ ಜಾಲ್ ಮತ್ತು ಕೂಮಿ ಜೊತೆ, ದೊಡ್ಡ ಹಳೇ ಫ್ಲ್ಯಾಟಿನಲ್ಲಿ. ಹಾಸಿಗೆ ಹಿಡಿದ ಮನುಷ್ಯನ ಚಾಕರಿ ಕೂಮಿಗೆ ಆಗುವುದಿಲ್ಲ. ಆಂಬುಲೆನ್ಸ್ ಕರೆಸಿ, ನಾರಿಮನ್ ಅವರ ಸ್ವಂತ ಮಗಳು ರಾಕ್ಸಾನಳ ಪುಟ್ಟ ಮನೆಗೆ ತಂದುಬಿಡುತ್ತಾಳೆ. ಮೂರು ವಾರ ಅಂತ ಬಂದವರು ಅಲ್ಲೇ ಉಳಿಯುತ್ತಾರೆ.

ಆ ಪುಟ್ಟ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಹುಡುಗರು, ಈಗ ಅಜ್ಜ. ದೊಡ್ಡ ಹುಡುಗ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗುತ್ತಾನೆ, ಚಿಕ್ಕವನು ಅಜ್ಜನ ಪಕ್ಕದಲ್ಲಿ. ರಾಕ್ಸಾನ ತಿಂಗಳ ಖರ್ಚನ್ನು ಹಾಲಿಗೆ ಇಷ್ಟು, ಅಕ್ಕಿಗೆ ಇಷ್ಟು ಅಂತ ಲಕೋಟೆಗಳಲ್ಲಿ ಹಾಕಿಡುತ್ತಾಳೆ. ಔಷಧಿಯ ಖರ್ಚು ಬಂದಾಗ ಲಕೋಟೆಗಳು ತೆಳ್ಳಗಾಗುತ್ತವೆ. ಚಿಕ್ಕ ಹುಡುಗ ಜಹಾಂಗೀರ್ ಇದನ್ನು ನೋಡಿ ಮಾಡುವ ಒಂದು ಕೆಲಸ ಇದೆ. ಅದನ್ನು ಹೇಳಿದರೆ ಓದುವ ಸುಖ ಹೋಗುತ್ತದೆ, ಹೇಳುವುದಿಲ್ಲ. ಅಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಮ್ಮ ಅಪ್ಪನಿಗೆ ಲಕ್ವ ಹೊಡೆದು 14 ತಿಂಗಳು ಮಲಗಿದ್ದರು. ನೋಡಿಕೊಂಡವಳು ನಾನು. ಹಾಗಾಗಿ ಬೆಡ್‌ಪ್ಯಾನ್ ಎತ್ತುವುದು, ಬಟ್ಟೆ ಒದ್ದೆಯಾಗಿದ್ದನ್ನು ಹೇಳಲು ಆ ಮನುಷ್ಯ ನಾಚಿಕೊಳ್ಳುವುದು, ಮನೆ ತುಂಬ ನಿಲ್ಲುವ ವಾಸನೆ, ಇದನ್ನೆಲ್ಲ ಇಷ್ಟು ನಿಜವಾಗಿ ಬರೆದವರನ್ನು ನಾನು ಹಿಂದೆ ಓದಿರಲಿಲ್ಲ. ಅಳಿಯ ಯೆಜದ್ ಮೊದಲು ಮಾವನ ಮೂತ್ರದ ಬಾಟಲಿಯನ್ನು ಮುಟ್ಟುವುದೂ ಇಲ್ಲ. ಅವನು ನಿಧಾನಕ್ಕೆ ಬದಲಾಗುವ ಪುಟಗಳೇ ನನಗೆ ಇಡೀ ಪುಸ್ತಕದ ಜೀವ.

ಇದನ್ನು ಓದಿದ ನನ್ನ ಗೆಳತಿಯರು ಹೆಚ್ಚಿನವರು ಕೂಮಿಯನ್ನು ಬೈದರು. ನಾನೂ ಬೈದೆ. ಅಪ್ಪ ತಿರುಗಿ ಬರಬಾರದು ಅಂತ ಅವಳು ಮಾಡುವ ಉಪಾಯ ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಕ್ಕ ಮಾತ್ರ ಬೈಯಲಿಲ್ಲ. "ಅವಳ ಅಮ್ಮನಿಗೆ ಆ ಮನುಷ್ಯ ಏನು ಮಾಡಿದ ನೋಡು" ಅಂದಳು. ಅದೂ ನಿಜವೇ. ನಾರಿಮನ್ ಪ್ರೀತಿಸಿದ್ದು ಲೂಸಿ ಅನ್ನುವ ಗೋವಾದ ಕ್ರಿಶ್ಚಿಯನ್ ಹುಡುಗಿಯನ್ನು. ಮನೆಯವರ ಒತ್ತಾಯಕ್ಕೆ ಮದುವೆಯಾದದ್ದು ಎರಡು ಮಕ್ಕಳ ವಿಧವೆಯನ್ನು. ಆ ಮದುವೆಯಲ್ಲಿ ಯಾರೂ ಸುಖ ಕಾಣಲಿಲ್ಲ. ಎಲ್ಲವನ್ನೂ ನೋಡಿಕೊಂಡು ಬೆಳೆದವಳು ಕೂಮಿ. ನಾನು ಒಪ್ಪಲಿಲ್ಲ, ಮಾತು ಜೋರಾಯಿತು, ಅಕ್ಕ ಫೋನ್ ಇಟ್ಟಳು.

ಎರಡು ದಿನ ಬಿಟ್ಟು ಅವಳೇ ಮಾಡಿದಳು. ಯೆಜದ್ ಹಿಂದೊಮ್ಮೆ ಕೆನಡಾಕ್ಕೆ ಹೋಗಲು ಅರ್ಜಿ ಹಾಕಿ, ಸಂದರ್ಶನದಲ್ಲಿ ಅವಮಾನ ಮಾಡಿಸಿಕೊಂಡು ಬರುವ ಪ್ರಸಂಗ ಇದೆ. ಅದನ್ನು ಎತ್ತಿಕೊಂಡು, "ಅವನಿಗೆ ವೀಸಾ ಸಿಕ್ಕಿದ್ದರೆ ಆ ಮುದುಕನನ್ನು ಯಾರು ನೋಡಿಕೊಳ್ಳುತ್ತಿದ್ದರು ಹೇಳು" ಅಂದಳು. ಆಮೇಲೆ ಅವಳು ಏನೂ ಹೇಳಲಿಲ್ಲ. ವೀಸಾ ಸಿಕ್ಕಿ ಹೋದವಳು ಅವಳು. ತಿಂಗಳು ತಪ್ಪದೆ ದುಡ್ಡು ಕಳಿಸಿದವಳು. ಕೂಮಿಯನ್ನು ಬೈದ ಪ್ರತಿಯೊಂದು ಮಾತೂ ಅವಳಿಗೆ ತನಗೇ ಅಂದ ಹಾಗೆ ಕೇಳಿಸಿರಬೇಕು.

ಪುಸ್ತಕದಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ಯೆಜದ್ ಕೆಲಸ ಮಾಡುವ ಅಂಗಡಿಯ ಪ್ರಸಂಗಗಳು ಎಳೆದ ಹಾಗಿವೆ. ಕೊನೆಯಲ್ಲಿ ಅವನು ಪೂಜೆ, ಮಡಿ ಅಂತ ಕಟ್ಟಾ ಆಗಿಬಿಡುವುದು ನನಗೆ ತುಸು ಅವಸರ ಅನ್ನಿಸಿತು. ಅಷ್ಟಾದರೂ ಮೂರರಲ್ಲಿ ಒಂದೇ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ.

ಟೇವ್ಸ್ ಕಾದಂಬರಿ 2014ರದ್ದು. ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಇದು ಸಾಯಬೇಕು ಅಂತ ಹಟ ಹಿಡಿದ ಅಕ್ಕ, ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನುವ ತಂಗಿ, ಇವರಿಬ್ಬರ ಕಥೆ. ಮನೆಯಲ್ಲಿ ಅಂಥ ಸಾವು ಕಂಡವರು, ಈಗ ಮನಸ್ಸು ಕುಗ್ಗಿರುವವರು ಸದ್ಯಕ್ಕೆ ಬಿಡುವುದು ಒಳ್ಳೆಯದು. ಟೇವ್ಸ್ ಕೆನಡಾದ ಮ್ಯಾನಿಟೋಬಾದ ಸ್ಟೈನ್‌ಬ್ಯಾಕ್ ಊರಿನವರು, ಮೆನೊನೈಟ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದಲ್ಲಿ ಬೆಳೆದವರು. 1998ರಲ್ಲಿ ಅವರ ಅಪ್ಪ, 2010ರಲ್ಲಿ ಅಕ್ಕ, ಇಬ್ಬರೂ ತಾವಾಗಿ ಜೀವ ಕಳೆದುಕೊಂಡರು. ಕಾದಂಬರಿ ಹುಟ್ಟಿದ್ದು ಆ ನೋವಿನಿಂದ.

ಕಥೆಯ ಅಕ್ಕ ಎಲ್ಫ್ ಹೆಸರಾಂತ ಪಿಯಾನೊ ಕಲಾವಿದೆ. ದುಡ್ಡು, ಹೆಸರು, ಪ್ರೀತಿಸುವ ಗಂಡ, ಎಲ್ಲ ಇದೆ. ತಂಗಿ ಯೋಲಿಯದು ಮುರಿದ ಮದುವೆ, ಕೈಯಲ್ಲಿ ಕಾಸಿಲ್ಲ. ಆದರೂ ಸಾಯಬೇಕು ಅನ್ನುವವಳು ಅಕ್ಕ. "ಅಷ್ಟೆಲ್ಲ ಇದ್ದೂ ಅವಳಿಗೇನು ಕಷ್ಟ" ಅಂತ ಸಿಟ್ಟಾಗಿ ಅರ್ಧಕ್ಕೆ ಬಿಟ್ಟವರನ್ನು ನಾನು ಬಲ್ಲೆ. ಅವರು ಇನ್ನು ನೂರು ಪುಟ ಓದಬೇಕಿತ್ತು. ಆ ಪ್ರಶ್ನೆಗೆ ಉತ್ತರ ಇಲ್ಲ ಅನ್ನುವುದನ್ನು ಯೋಲಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಕಲಿಯುತ್ತಾಳೆ, ಓದುವ ನಾವೂ ಅವಳ ಜೊತೆಗೆ ಕಲಿಯುತ್ತೇವೆ. ತನ್ನನ್ನು ಸ್ವಿಟ್ಜರ್ಲೆಂಡಿಗೆ ಕರೆದುಕೊಂಡು ಹೋಗು ಅಂತ ಎಲ್ಫ್ ಬೇಡಿಕೊಳ್ಳುತ್ತಾಳೆ, ಯಾಕೆಂದರೆ ಆಗ ಕೆನಡಾದಲ್ಲಿ ವೈದ್ಯರ ನೆರವಿನಿಂದ ಸಾಯಲು ಕಾನೂನು ಇರಲಿಲ್ಲ. ಅದು ಬಂದದ್ದು 2016ರಲ್ಲಿ.

ಇಷ್ಟು ಭಾರದ ಪುಸ್ತಕದಲ್ಲಿ ನಗುವೂ ಇದೆ. ಎಲ್ಫ್ ಇನ್ನೂ ಹುಡುಗಿ. ಅವಳು ಕಾಲೇಜಿಗೆ ಹೋಗುವುದನ್ನು ತಡೆಯಲು ಚರ್ಚಿನ ಹಿರಿಯರು ಮನೆಗೆ ಬಂದು ಕೂರುತ್ತಾರೆ. ಅವಳು ಪಕ್ಕದ ಕೋಣೆಯಲ್ಲಿ ರಾಖ್ಮನಿನೊವ್ ಸಂಗೀತವನ್ನು ಪಿಯಾನೊದಲ್ಲಿ ಆರ್ಭಟಿಸುತ್ತಾಳೆ. ಅದೇ ಅವಳ ಉತ್ತರ! ಅಕ್ಕ ಆ ಪುಟದ ಮೂಲೆ ಮಡಚಿದ್ದಳು. ಕಾಲೇಜಿಗೆ ಸೇರುವಾಗ ಅವಳೂ ನಮ್ಮ ದೊಡ್ಡಪ್ಪನ ಎದುರು ನಿಂತವಳೇ.

'ಫ್ರಮ್ ದಿ ಆ್ಯಶಸ್' ಬಂದದ್ದು 2019ರಲ್ಲಿ. ಅಧ್ಯಾಯಗಳು ಪುಟ್ಟಪುಟ್ಟವು, ನಡುನಡುವೆ ಕವಿತೆ, ಇಂಗ್ಲಿಷ್ ಸುಲಭ. ಥಿಸಲ್ ಮೆಟಿ ಜನಾಂಗದವರು, ಅಂದರೆ ಅಲ್ಲಿನ ಮೂಲನಿವಾಸಿಗಳಿಗೂ ಯುರೋಪಿನಿಂದ ಬಂದವರಿಗೂ ಹುಟ್ಟಿ ಬೆಳೆದ ಸಮುದಾಯ. 1885ರ ಬಂಡಾಯದಲ್ಲಿ ಸೋತ ಮೇಲೆ ಅವರಲ್ಲಿ ಎಷ್ಟೋ ಜನ ಜಮೀನು ಕಳೆದುಕೊಂಡು, ರಸ್ತೆ ಪಕ್ಕದ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿ ಬದುಕಿದರು. ಕುಡಿತ, ಡ್ರಗ್ಸ್‌ನಲ್ಲಿ ಮುಳುಗಿದ ಅಪ್ಪ ಮೂರು ಗಂಡುಮಕ್ಕಳನ್ನು ಬಿಟ್ಟು ಹೋಗುತ್ತಾನೆ. ಮಕ್ಕಳು ಬೆಳೆಯುವುದು ಅಪ್ಪನ ಅಪ್ಪ ಅಮ್ಮನ ಮನೆಯಲ್ಲಿ, ಅದೇ ಬ್ರಾಂಪ್ಟನ್‌ನಲ್ಲಿ. ಜೆಸ್ಸಿಯೂ ಡ್ರಗ್ಸ್‌ಗೆ ಬಿದ್ದು, ಮನೆಯಿಂದ ಹೊರಗೆ ಹಾಕಿಸಿಕೊಂಡು, ವರ್ಷಗಟ್ಟಲೆ ಬೀದಿಯಲ್ಲಿ ಕಳೆದು, ಜೈಲು ಕಂಡು, ಕೊನೆಗೆ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗುತ್ತಾರೆ.

ಓದಿದವರು ಹೆಚ್ಚಾಗಿ ಹೊಗಳುವುದು ಆ ಕೊನೆಯನ್ನು. ನನ್ನ ಮನಸ್ಸು ನಿಂತದ್ದು ತಾತನ ಹತ್ತಿರ. ಮೊಮ್ಮಕ್ಕಳನ್ನು ಸಾಕಿದವನೂ ಅವನೇ, ಹೊರಗೆ ಹಾಕಿದವನೂ ಅವನೇ. ಮಗನನ್ನು ಡ್ರಗ್ಸ್‌ಗೆ ಕಳೆದುಕೊಂಡವನು ಮೊಮ್ಮಗನ ಜೇಬಿನಲ್ಲಿ ಅದನ್ನೇ ಕಂಡರೆ ಏನಾಗಬಹುದು, ಅಲ್ವಾ? ಈ ವಿಷಯದಲ್ಲಿ ಮಾತ್ರ ನಾನೂ ಅಕ್ಕನೂ ಒಂದೇ ಕಡೆ ನಿಂತೆವು. ತನ್ನ ಬಸ್ಸು ಹೋಗುವ ರಸ್ತೆಯ ಪಕ್ಕದಲ್ಲಿ ಮಲಗಿರುವವರನ್ನು ಈಗ ಮುಖ ಕೊಟ್ಟು ನೋಡುತ್ತೇನೆ ಅಂದಳು.

ನಿಮಗೆ ಓದುವ ಮನಸ್ಸಿದ್ದರೆ ಥಿಸಲ್‌ನಿಂದ ಶುರು ಮಾಡಿ, ಬೇಗ ಸಾಗುತ್ತದೆ. ಮಿಸ್ತ್ರಿಗೆ ಒಂದು ತಿಂಗಳು ಕೊಡಿ. ಟೇವ್ಸ್ ಪುಸ್ತಕವನ್ನು ರಾತ್ರಿ ಒಬ್ಬರೇ ಕೂತು ಓದಬೇಡಿ. ಆಗುವುದಾದರೆ ಮನೆಯವರೊಬ್ಬರ ಜೊತೆ ಓದಿ.

ಕಳೆದ ಭಾನುವಾರ ಅಕ್ಕ ಫೋನ್ ಮಾಡಿದಾಗ ಪುಸ್ತಕದ ಮಾತು ಬರಲಿಲ್ಲ. "ಅಪ್ಪ ರಾತ್ರಿ ಎಷ್ಟು ಸಲ ಏಳಿಸುತ್ತಿದ್ದರು?" ಅಂತ ಕೇಳಿದಳು. ಅಪ್ಪ ಹೋಗಿ ಆರು ವರ್ಷವಾಯಿತು, ಇಷ್ಟು ದಿನ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾಲ್ಕು ಸಲ, ಕೆಲವು ದಿನ ಐದು ಅಂದೆ. ಅವಳು ಒಂದೊಂದೇ ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಅಲ್ಲಿ ಬೆಳಗಾಗುವವರೆಗೂ ಮಾತಾಡಿದೆವು.