ಮಣ್ಣಿನ ಅಣೆಕಟ್ಟಿನ ಫಿಲ್ಟರ್ ಪದರ: ನದಿ ಮರಳೋ, ಎಂ-ಸ್ಯಾಂಡೋ?

ಜಿನುಗುವ ನೀರನ್ನು ಹೊರಕ್ಕೆ ಬಿಡುತ್ತಲೇ ಮಣ್ಣಿನ ಕಣಗಳನ್ನು ತಡೆದು ನಿಲ್ಲಿಸುವುದು ಫಿಲ್ಟರ್ ಮರಳಿನ ಕೆಲಸವಾದ್ದರಿಂದ, ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಮರಳಿನ ಮೂಲವಲ್ಲ, ಜರಡಿ ಪರೀಕ್ಷೆಯ ಫಲಿತಾಂಶ. ಮಣ್ಣಿನ ಎಂಜಿನಿಯರಿಂಗ್ ತಜ್ಞ ಟೆರ್ಜಾಗಿಯ ನಿಯಮದಂತೆ ಮರಳಿನ ಡಿ15 ಗಾತ್ರವು (ತೂಕದಲ್ಲಿ ಶೇ 15ರಷ್ಟು ಕಣಗಳು ಇದಕ್ಕಿಂತ ಸಣ್ಣವು) ರಕ್ಷಿಸಬೇಕಾದ ಮಣ್ಣಿನ ಡಿ85 ಗಾತ್ರದ (ಶೇ 85ರಷ್ಟು ಕಣಗಳು ಇದಕ್ಕಿಂತ ಸಣ್ಣವು) ಸುಮಾರು 4 ಪಟ್ಟನ್ನು ಮೀರಬಾರದು. ನೀರು ಸರಾಗವಾಗಿ ಹರಿಯಬೇಕಾದರೆ ಮರಳಿನ ಡಿ15 ಮಣ್ಣಿನ ಡಿ15ರ 4 ಪಟ್ಟಿಗಿಂತ ಹೆಚ್ಚಿರಬೇಕು.

ನದಿ ಮರಳಿನ ಕಣಗಳು ದುಂಡಗಿದ್ದು, ನುಣ್ಣನೆಯ ಪುಡಿ ಸಾಮಾನ್ಯವಾಗಿ ಕಡಿಮೆ. ಆದರೆ ಲೋಡಿನಿಂದ ಲೋಡಿಗೆ ಗಾತ್ರ ಬದಲಾಗುತ್ತದೆ, ಜೇಡಿಯ ಉಂಡೆಗಳೂ ಬರಬಹುದು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್‌ನಲ್ಲಿ ಕಣಗಳ ಶ್ರೇಣಿಯನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದಾದರೂ, ಕ್ರಷರ್‌ನ ಧೂಳನ್ನು ತೊಳೆಯದಿದ್ದರೆ 75 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶೇ 5ರ ಮಿತಿಯನ್ನು ಸುಲಭವಾಗಿ ದಾಟುತ್ತವೆ. ಸುಣ್ಣಕಲ್ಲಿನ ಮರಳಾದರೆ ನಾನು ಹಿಂಜರಿಯುತ್ತೇನೆ, ಏಕೆಂದರೆ ಕಣಗಳು ಕ್ರಮೇಣ ಅಂಟಿಕೊಂಡು ಗಟ್ಟಿಯಾದ ಪದರವು ತನ್ನಲ್ಲಿ ಬಿಟ್ಟ ಬಿರುಕನ್ನು ತಾನೇ ಮುಚ್ಚಿಕೊಳ್ಳಲಾರದು.

ತೇವದ ಮರಳನ್ನು ಲೋಟದಲ್ಲಿ ಒತ್ತಿ ತುಂಬಿ, ತಟ್ಟೆಯಲ್ಲಿ ಬೋರಲು ಹಾಕಿ, ಸುತ್ತ ಮೆಲ್ಲಗೆ ನೀರು ತುಂಬಿಸಿ ನೋಡಿ: ಒಳ್ಳೆಯ ಮರಳು ನೀರು ಏರಿದಂತೆ ಕುಸಿದು ಹರಡುತ್ತದೆ, ಗೋಪುರದಂತೆ ನಿಂತೇ ಇದ್ದರೆ ಅದರಲ್ಲಿ ಅಂಟುಗುಣವಿದೆ. ಎರಡು ಬಗೆಯ ಮರಳೂ ಜರಡಿ ಪರೀಕ್ಷೆಯ ಜೊತೆಗೆ ಇದರಲ್ಲೂ ಗೆದ್ದರೆ ನಾನು ತೊಳೆದ ಎಂ-ಸ್ಯಾಂಡನ್ನೇ ಆರಿಸುತ್ತೇನೆ. ಏಕೆಂದರೆ ದೊಡ್ಡ ಕಾಮಗಾರಿಯಲ್ಲಿ ಕೊನೆಯ ಲೋಡಿನವರೆಗೂ ಅದರ ಶ್ರೇಣಿಯನ್ನು ಒಂದೇ ಆಗಿ ಇಟ್ಟುಕೊಳ್ಳುವುದು ಸುಲಭ.