ಹಳೇ ಗೇಟ್‌ವೇ ಐಪಿ ಯಾರು ಬಳಸ್ತಿದ್ದಾರೆ? ಫೈರ್‌ವಾಲ್ ಲಾಗ್, ಎಆರ್‌ಪಿ, ಬೇರೆ ಮ್ಯಾಕ್: ಮೂರನ್ನೂ ಹಚ್ಚಿ ನೋಡಿದ್ದು

ನಮ್ಮ ಆಫೀಸಿನ ಲಿನಕ್ಸ್ ರೂಟರ್‌ಗೆ ಲ್ಯಾನ್ (ಆಫೀಸಿನ ಒಳಗಿನ ನೆಟ್‌ವರ್ಕ್) ಕಡೆ ಎರಡು ಐಪಿ ವಿಳಾಸ. 192.168.1.1 ಈಗಿನದು, 192.168.1.254 ಹಳೇ ರೂಟರ್ ಕಾಲದ್ದು. ರೂಟರ್ ಬದಲಾಯಿಸಿದಾಗ ಯಾರ ಇಂಟರ್ನೆಟ್ಟೂ ನಿಲ್ಲಬಾರದು ಅಂತ ಎರಡನ್ನೂ ಒಂದೇ ಇಂಟರ್‌ಫೇಸ್ ಮೇಲೆ ಹಾಕಿದ್ದು ಹಾಗೇ ಉಳಿದುಬಿಟ್ಟಿತ್ತು. ಈಗ .254 ತೆಗೆಯೋ ಮುಂಚೆ ಅದನ್ನು ಇನ್ನೂ ಯಾರು ಗೇಟ್‌ವೇ (ಹೊರಗೆ ಹೋಗೋ ಬಾಗಿಲು) ಆಗಿ ಬಳಸ್ತಿದ್ದಾರೆ ಅಂತ ಗೊತ್ತಾಗಬೇಕು. ತಾನಾಗೇ ಐಪಿ ಹಂಚೋ ಡಿಎಚ್‌ಸಿಪಿ ಈಗ ಎಲ್ಲರಿಗೂ ಗೇಟ್‌ವೇ ಅಂತ .1 ಅನ್ನೇ ಕೊಡುತ್ತೆ. ತಲೆನೋವು ಇರೋದು ಕೈಯಿಂದ ಐಪಿ ತುಂಬಿದ ಪ್ರಿಂಟರ್, ಸಿಸಿಟಿವಿ ಡಿವಿಆರ್, ಹಾಜರಾತಿ ಮಷೀನ್‌ಗಳದ್ದು. ಡಿಎಚ್‌ಸಿಪಿ ಹಂಚಿದ ಐಪಿಗಳ ಲೀಸ್ ಪಟ್ಟಿ ನೋಡಿದರೆ ಇವು ಕಾಣೋದೇ ಇಲ್ಲ.

ಮೊದಲು ಎಲ್ಲರಿಗೂ ಹೊಳೆಯೋದು ಫೈರ್‌ವಾಲ್ ಲಾಗ್. .254ಕ್ಕೆ ಬರೋ ಪ್ಯಾಕೆಟ್‌ಗಳನ್ನು ಬರೆದುಕೋ ಅಂತ ಒಂದು ರೂಲ್ ಹಾಕಿದರೆ ಸಾಕಲ್ವಾ? ಸಾಲದು. ಕ್ಲೈಂಟ್ 8.8.8.8ಕ್ಕೆ ಹೊರಟರೆ ಪ್ಯಾಕೆಟ್ಟಿನ ಮೇಲೆ ತಲುಪಬೇಕಾದ ಜಾಗ ಅಂತ ಬರೆದಿರೋ ಐಪಿ 8.8.8.8 ಮಾತ್ರ. ಗೇಟ್‌ವೇಯ ಐಪಿ ಅದರಲ್ಲಿ ಎಲ್ಲೂ ಇರಲ್ಲ, ಇರೋದು ಗೇಟ್‌ವೇಯ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಇಂಟರ್‌ಫೇಸಿನ ಗುರುತು. ನಮ್ಮಲ್ಲಿ .1ಕ್ಕೂ .254ಕ್ಕೂ ಮ್ಯಾಕ್ ಒಂದೇ. ಹಾಗಾಗಿ ಲಾಗ್‌ನಲ್ಲಿ ಬಿದ್ದಿದ್ದು ಒಂದಷ್ಟು ಪಿಂಗ್, ಒಂದಷ್ಟು ಡಿಎನ್‌ಎಸ್ ಪ್ರಶ್ನೆ (ಹೆಸರು ಕೊಟ್ಟು ಐಪಿ ಕೇಳೋದು) ಅಷ್ಟೇ. ಆದರೂ ಈ ರೂಲ್ ತೆಗೀಬೇಡಿ. ಗೇಟ್‌ವೇ ಬದಲಾಯಿಸಿ ಡಿಎನ್‌ಎಸ್ ಜಾಗದಲ್ಲಿ .254 ಹಾಗೇ ಬಿಟ್ಟಿರೋರು ನೇರವಾಗಿ ಸಿಗೋದು ಇದರಲ್ಲೇ.

ಎರಡನೇದು ಎಆರ್‌ಪಿ, ಅಂದರೆ ಒಂದು ಐಪಿಯ ಮ್ಯಾಕ್ ಯಾವುದು ಅಂತ ಲ್ಯಾನ್‌ನಲ್ಲಿ ಕೇಳೋ ವಿಧಾನ. ಗೇಟ್‌ವೇ ಬಳಸೋ ಮೊದಲು ಕ್ಲೈಂಟ್ '.254 ಯಾರು?' ಅಂತ ಕೇಳಲೇಬೇಕು. ಪ್ಯಾಕೆಟ್ ಹಿಡಿದು ತೋರಿಸೋ ಟಿಸಿಪಿಡಂಪ್‌ನಲ್ಲಿ ಎಆರ್‌ಪಿ ಮಾತ್ರ ಹಿಡಿದು ಆ ಐಪಿ ಹುಡುಕಿದರೆ ಕೇಳಿದವರ ಪಟ್ಟಿ ಸಿಗುತ್ತೆ. ಐದು ನಿಮಿಷದ ಕೆಲಸ, ಸೆಟ್ಟಿಂಗ್ ಒಂದನ್ನೂ ಮುಟ್ಟಬೇಕಾಗಿಲ್ಲ. ಆದರೆ ಪಟ್ಟಿ ಎರಡೂ ಕಡೆಯಿಂದ ಸುಳ್ಳು ಹೇಳುತ್ತೆ. ನಮ್ಮ ಮಾನಿಟರಿಂಗ್ ಸರ್ವರ್ .254ನ್ನು ಪಿಂಗ್ ಮಾಡ್ತಾ ಇತ್ತು, ಅದರ ಹೆಸರು ಪಟ್ಟಿಯ ತಲೆಯಲ್ಲೇ. ಅದರ ಗೇಟ್‌ವೇ ಮಾತ್ರ .1. ಇನ್ನೊಂದು ಕಡೆ, .254 ಮೂಲಕವೇ ಹೋಗೋ ಬ್ಯಾಕಪ್ ಸರ್ವರ್ ಸುದ್ದಿಯೇ ಇಲ್ಲ. ಲಿನಕ್ಸ್‌ನಲ್ಲಿ ಟಿಸಿಪಿ ಸಂಪರ್ಕ ಸರಾಗವಾಗಿ ಓಡ್ತಾ ಇದ್ದರೆ ಗೇಟ್‌ವೇ ಜೀವಂತ ಇದೆ ಅಂತ ಕರ್ನಲ್ ಅದರಿಂದಲೇ ನಂಬುತ್ತೆ, ಮತ್ತೆ ಎಆರ್‌ಪಿ ಕೇಳೋ ಗೋಜಿಗೆ ಹೋಗಲ್ಲ. ಎಷ್ಟು ಹೊತ್ತು ಕಾದರೆ ಸಾಕು ಅನ್ನೋದಕ್ಕೆ ಇಲ್ಲಿ ಉತ್ತರವಿಲ್ಲ. ಸ್ವಿಚ್ಚಿನ ಬೇರೆ ಪೋರ್ಟ್‌ನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ನೋಡೋರಿಗೆ ಇನ್ನೂ ಕಮ್ಮಿ ಕಾಣುತ್ತೆ: ಗೊತ್ತಿರೋ ಗೇಟ್‌ವೇಯನ್ನು ಮತ್ತೆ ವಿಚಾರಿಸುವಾಗ ಲಿನಕ್ಸ್ ಮೊದಲು ನೇರ ಅದರ ಮ್ಯಾಕ್‌ಗೇ ಕಳಿಸುತ್ತೆ, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕೂಗಿ ಕೇಳೋದು) ಆಮೇಲೆ.

ನನಗೆ ಪೂರ್ತಿ ಒಪ್ಪಿಗೆಯಾದದ್ದು ಮೂರನೇದು: .254ಕ್ಕೆ ಅದರದೇ ಮ್ಯಾಕ್ ಕೊಡೋದು. ಮ್ಯಾಕ್‌ವಿಲ್ಯಾನ್ (ಮೂಲ ಇಂಟರ್‌ಫೇಸ್ ಮೇಲೆ ಬೇರೆ ಮ್ಯಾಕ್ ಇರೋ ಕಾಲ್ಪನಿಕ ಇಂಟರ್‌ಫೇಸ್) ಒಂದನ್ನು ಮಾಡಿ ಹಳೇ ಐಪಿಯನ್ನು ಅಲ್ಲಿಗೆ /32 ಆಗಿ, ಅಂದರೆ ಅದೊಂದೇ ವಿಳಾಸವಾಗಿ, ಸಾಗಿಸಿದೆ. ಲಿನಕ್ಸ್ ಅಲ್ಲದ ರೂಟರ್ ಆದರೆ ವಿಆರ್‌ಆರ್‌ಪಿ (ರೂಟರ್‌ಗಳ ಗುಂಪು ಒಂದೇ ಗೇಟ್‌ವೇ ಐಪಿ ಹಂಚಿಕೊಳ್ಳೋ ಪದ್ಧತಿ) ಇದೇ ಕೆಲಸ ಮಾಡುತ್ತೆ, ಅದಕ್ಕೆ 00-00-5ಇ-00-01ರಿಂದ ಶುರುವಾಗೋ ಮ್ಯಾಕ್ ಮೀಸಲಿದೆ, ಕೊನೆಯ ಭಾಗ ಗುಂಪಿನ ಸಂಖ್ಯೆ. ಈಗ ಹಳೇ ಗೇಟ್‌ವೇ ಮೂಲಕ ಹೋಗೋ ಪ್ರತಿ ಪ್ಯಾಕೆಟ್ಟೂ ಬೇರೆ ಬಾಗಿಲಿಂದ ಒಳಗೆ ಬರುತ್ತೆ. ಆ ಇಂಟರ್‌ಫೇಸ್ ಮೇಲೆ ಟಿಸಿಪಿಡಂಪ್ ಹಾಕಿ, ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ (ಗುಂಪಿಗೆ ಕಳಿಸಿದ್ದು) ಮತ್ತು .254ಕ್ಕೇ ಬಂದ ಪ್ಯಾಕೆಟ್ ಬಿಟ್ಟು ನೋಡಿದರೆ ಉಳಿದವರೇ ನಿಜವಾದ ಗಿರಾಕಿಗಳು. ಮಾನಿಟರಿಂಗ್ ಸರ್ವರ್ ಪಟ್ಟಿಯಿಂದ ಜಾರಿತು, ಬ್ಯಾಕಪ್ ಸರ್ವರ್ ಸಿಕ್ಕಿಬಿತ್ತು.

ಇದರ ಕಿರಿಕಿರಿಗಳೂ ಇವೆ. ಆರ್ಪ್_ಇಗ್ನೋರ್ (ತನ್ನ ಮೇಲಿಲ್ಲದ ಐಪಿಗೆ ಎಆರ್‌ಪಿ ಉತ್ತರ ಕೊಡದ ಹಾಗೆ ಮಾಡೋ ಲಿನಕ್ಸ್ ಸೆಟ್ಟಿಂಗ್) 1 ಮಾಡದಿದ್ದರೆ ಮೂಲ ಇಂಟರ್‌ಫೇಸ್ ಕೂಡ .254ರ ಹೆಸರಲ್ಲಿ ಉತ್ತರ ಕೊಟ್ಟು ಲೆಕ್ಕವೆಲ್ಲ ಕಲಸುಮೇಲೋಗರ. ಆರ್‌ಪಿ_ಫಿಲ್ಟರ್ (ಬಂದ ದಾರಿಯಲ್ಲೇ ವಾಪಸ್ ಹೋಗಬಹುದಾ ಅಂತ ನೋಡೋ ಸೆಟ್ಟಿಂಗ್) 1 ಇದ್ದರೆ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತೆ, ಯಾಕಂದ್ರೆ ಕ್ಲೈಂಟ್‌ಗೆ ವಾಪಸ್ ದಾರಿ ಇರೋದು ಮೂಲ ಇಂಟರ್‌ಫೇಸ್ ಮೂಲಕ. ಮ್ಯಾಕ್‌ವಿಲ್ಯಾನ್ ಮೇಲೆ ಅದನ್ನು 2 ಮಾಡಿ. ಇಂಟರ್‌ಫೇಸ್ ಹೆಸರು ಹಿಡಿದು ಬರೆದ ಫೈರ್‌ವಾಲ್ ರೂಲ್‌ಗಳಿಗೆ ಹೊಸ ಹೆಸರನ್ನೂ ಸೇರಿಸಬೇಕು. ಕೊನೆಗೆ ಎಆರ್‌ಪಿ ಕಳಿಸೋ ಆರ್ಪಿಂಗ್ ಕಮಾಂಡ್‌ನಿಂದ .254ರ ಹೊಸ ಮ್ಯಾಕ್ ಡಂಗುರ ಸಾರಿಸಿ. ಇಲ್ಲದಿದ್ದರೆ ಬ್ಯಾಕಪ್ ಸರ್ವರ್ ತರದವು ಹಳೇ ಮ್ಯಾಕ್ ಹಿಡ್ಕೊಂಡೇ ಕೂತಿರ್ತವೆ. ರೂಟರ್ ಅದೇ ಆದ್ದರಿಂದ ಕೆಲಸ ನಿಲ್ಲಲ್ಲ, ಲೆಕ್ಕಕ್ಕೆ ಮಾತ್ರ ಬರಲ್ಲ.

ಎರಡು ರೂಟರ್ ಬೇರೆ ಬೇರೆ ಡಬ್ಬಿಗಳೇ ಆಗಿದ್ದರೆ ಇಷ್ಟೆಲ್ಲ ಬೇಡ, ಮ್ಯಾಕ್ ಮೊದಲೇ ಬೇರೆ ಇರುತ್ತೆ.

'ಆಫ್ ಮಾಡು, ಯಾರು ಕೂಗ್ತಾರೆ ನೋಡೋಣ' ಅನ್ನೋ ಪದ್ಧತಿ ಬಗ್ಗೆ: ಮನುಷ್ಯರು ಕೂಗ್ತಾರೆ, ಡಿವಿಆರ್ ಕೂಗಲ್ಲ. ಅದರ ರೆಕಾರ್ಡಿಂಗ್ ಹೊರಗಿನ ಸರ್ವರ್‌ಗೆ ಹೋಗ್ತಿಲ್ಲ ಅನ್ನೋದು ಕಳ್ಳತನ ಆದ ಮೇಲೆ ಗೊತ್ತಾಗುತ್ತೆ. ಮ್ಯಾಕ್ ಬೇರೆ ಮಾಡಿದ ಮೇಲೆ ಇದನ್ನೂ ನೆಟ್ಟಗೆ ಮಾಡಬಹುದು: ಐಪಿ ತೆಗೆಯೋ ಬದಲು ಆ ಇಂಟರ್‌ಫೇಸ್‌ನಿಂದ ಮುಂದೆ ಹೋಗೋದನ್ನು ಲಾಗ್ ಸಮೇತ ತಡೆಯಿರಿ. ಕೂಗದವರ ಹೆಸರೂ ಲಾಗ್‌ನಲ್ಲಿ ಬೀಳುತ್ತೆ, ಎಡವಟ್ಟಾದರೆ ಒಂದು ರೂಲ್ ಅಳಿಸಿದರೆ ಮುಗೀತು. ತಿಂಗಳಿಗೊಮ್ಮೆ ಮಾತ್ರ ಹೊರಗೆ ಡೇಟಾ ಕಳಿಸೋ ಮಷೀನ್ ಇದ್ದರೆ, ತಡೆಯೋ ಮುಂಚೆ ಒಂದು ಪೂರ್ತಿ ತಿಂಗಳು ಬರೀ ಎಣಿಸ್ತಾ ಇರಿ.